ಬಿಳಿ ದ್ರಾಕ್ಷಿ, ಮೂರು ಕಾನೂನು ಮತ್ತು ನಮ್ಮ ಕಲಬುರಗಿ

ನಮ್ಮ ಕಡೆ ಯಾವ ಊರಿಗೆ ಹೋದರೂ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಬೋರ್ಡು ಇದ್ದೇ ಇರುತ್ತದೆ. ಯಾವುದೋ ದೇವರ ಹೆಸರು, ಅದರ ಮುಂದೆ 'ವೈನ್ಸ್'. ಒಳಗೆ ಹೋಗಿ ವೈನ್ ಕೇಳಿ ನೋಡಿ. ಅಂಗಡಿಯವನು ನಿಮ್ಮ ಮುಖ ನೋಡುತ್ತಾನೆ. ವಿಸ್ಕಿ ಇದೆ, ಬ್ರಾಂದಿ ಇದೆ, ರಮ್ ಇದೆ, ಬಿಯರ್ ಇದೆ. ವೈನ್ ಮಾತ್ರ ಇಲ್ಲ, ಇದ್ದರೂ ಮೂಲೆಯಲ್ಲಿ ಧೂಳು ತಿನ್ನುತ್ತಾ ನಿಂತ ಒಂದೆರಡು ಬಾಟಲಿ :) ಬೋರ್ಡಿನ ಮೇಲೆ ಇರುವ ಪದಾರ್ಥ ಅಂಗಡಿಯಲ್ಲಿ ಇಲ್ಲದ ವ್ಯಾಪಾರ ಬಹುಶಃ ಇದೊಂದೇ.

ಇದು ನಗುವ ವಿಷಯ ಹೌದು, ಆದರೆ ಇದರ ಹಿಂದೆ ಒಂದು ದೊಡ್ಡ ಪ್ರಶ್ನೆ ಇದೆ. ಪಕ್ಕದ ವಿಜಯಪುರ ರಾಜ್ಯದಲ್ಲೇ ಅತಿ ಹೆಚ್ಚು ದ್ರಾಕ್ಷಿ ಬೆಳೆಯುವ ಜಿಲ್ಲೆ. ಅಲ್ಲಿ ಬೆಳೆಯುವುದರಲ್ಲಿ ಬಹುಪಾಲು ಬಿಳಿ ದ್ರಾಕ್ಷಿ (ಬಿಳಿ ಅಂದರೆ ಹಸಿರು-ಹಳದಿ ಬಣ್ಣದ್ದು, ವೈನಿನ ಲೋಕದಲ್ಲಿ ಅದನ್ನೇ ಬಿಳಿ ಎನ್ನುತ್ತಾರೆ). ಪ್ರಪಂಚದ ಬೇರೆ ಕಡೆ ಬಿಳಿ ದ್ರಾಕ್ಷಿಯಿಂದ ಹತ್ತಾರು ಬಗೆಯ ವೈನ್ ಆಗುತ್ತದೆ. ನಮ್ಮಲ್ಲಿ ಮಾತ್ರ ಅದು ಒಣದ್ರಾಕ್ಷಿಯಾಗಿ ಪಾಯಸಕ್ಕೆ ಬೀಳುತ್ತದೆ. ಯಾಕೆ? "ವೈನ್ ನಮ್ಮ ಸಂಸ್ಕೃತಿಯಲ್ಲ, ಅದು ಫರಂಗಿಯವರದು" ಎಂಬ ಉತ್ತರ ಎಲ್ಲರ ಬಾಯಲ್ಲೂ ಸಿದ್ಧ ಇರುತ್ತದೆ. ಕಮಲಾಪುರದವನಾದ ನನಗೆ ಈ ಉತ್ತರ ಒಪ್ಪಿಗೆಯಿಲ್ಲ. ಯಾಕೆಂದು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

(ಅಂದ ಹಾಗೆ, ಕಮಲಾಪುರ ಅಂದರೆ ಹಂಪಿಯ ಪಕ್ಕದ ಕಮಲಾಪುರ ಅಲ್ಲ. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿ ಸಿಗುವ, ಕೆಂಪು ಬಾಳೆಹಣ್ಣಿನ ಕಮಲಾಪುರ. ಈ ಬಾಳೆಹಣ್ಣು ಮುಂದೆ ಇನ್ನೊಮ್ಮೆ ಬರುತ್ತದೆ, ನೆನಪಿಟ್ಟುಕೊಳ್ಳಿ.)

* * *

ಮೊದಲು ಬಿಳಿ ವೈನ್ ಅಂದರೆ ಏನು ಎಂಬುದು ಸ್ಪಷ್ಟವಾಗಲಿ. ದ್ರಾಕ್ಷಿಯ ಬಣ್ಣ ಇರುವುದು ಸಿಪ್ಪೆಯಲ್ಲಿ. ಕೆಲವೇ ತಳಿಗಳನ್ನು ಬಿಟ್ಟರೆ ಕಪ್ಪು ದ್ರಾಕ್ಷಿಯ ರಸವೂ ಬಣ್ಣವಿಲ್ಲದ್ದೇ. ಕೆಂಪು ವೈನಿಗೆ ರಸವನ್ನು ಸಿಪ್ಪೆಯ ಜೊತೆಗೇ ಹುಳಿಯಲು ಬಿಡುತ್ತಾರೆ. ಬಿಳಿ ವೈನಿಗೆ ಹಣ್ಣು ಹಿಂಡಿದ ತಕ್ಷಣ ಸಿಪ್ಪೆ ತೆಗೆದು ಬರೀ ರಸವನ್ನು ತಂಪಿನಲ್ಲಿ ಹುಳಿಸುತ್ತಾರೆ. ಹಾಗಾಗಿ ಕಪ್ಪು ದ್ರಾಕ್ಷಿಯಿಂದಲೂ ಬಿಳಿ ವೈನ್ ಮಾಡಬಹುದು. ಫ್ರಾನ್ಸಿನ ಶಾಂಪೇನಿಗೆ ಹೋಗುವ ದ್ರಾಕ್ಷಿಯಲ್ಲಿ ಹೆಚ್ಚಿನ ಪಾಲು ಕಪ್ಪು ದ್ರಾಕ್ಷಿಯದೇ!

ಬಿಳಿ ವೈನಿನ ಜೀವ ಇರುವುದು ಹುಳಿಯಲ್ಲಿ. ಹಣ್ಣು ಮಾಗುತ್ತಾ ಹೋದಂತೆ ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ. ಬಿಸಿಲು ಜಾಸ್ತಿಯಾದರೆ ಹುಳಿ ಇನ್ನೂ ಬೇಗ ಇಳಿಯುತ್ತದೆ, ಮುಖ್ಯವಾಗಿ ಮ್ಯಾಲಿಕ್ ಆಮ್ಲ. ಒಂದು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಇದ್ದರೆ ಯೀಸ್ಟು ಅದನ್ನು ತಿಂದು ಶೇಕಡಾ 1ರಷ್ಟು ಮದ್ಯಸಾರ ಮಾಡುತ್ತದೆ. ಸಕ್ಕರೆಯೆಲ್ಲ ಖಾಲಿಯಾದರೆ ಅದು 'ಡ್ರೈ' ವೈನ್. ಸ್ವಲ್ಪ ಉಳಿಸಿ ನಿಲ್ಲಿಸಿದರೆ ಅರೆಸಿಹಿ. ಹಣ್ಣನ್ನು ಬಳ್ಳಿಯಲ್ಲೇ ತಡವಾಗಿ ಬಿಟ್ಟು ಕೊಯ್ದರೆ ಪೂರ್ತಿ ಸಿಹಿ. ಬಾಟಲಿಯೊಳಗೇ ಎರಡನೇ ಸಲ ಹುಳಿಸಿದರೆ ಶಾಂಪೇನ್ ಥರದ ನೊರೆಯುಕ್ಕುವ ವೈನ್. ಓಕ್ ಮರದ ಪೀಪಾಯಿಯಲ್ಲಿಟ್ಟರೆ ಇನ್ನೊಂದು ರುಚಿ.

ತಳಿಯ ಪ್ರಕಾರವೂ ಸ್ವಭಾವ ಬೇರೆ. ಶಾರ್ಡನೆ ಒಂದು ಥರ ನೀರಿನಂಥ ತಳಿ. ತಣ್ಣಗಿನ ಊರಿನಲ್ಲಿ ಬೆಳೆದರೆ ಹುಳಿಯಾಗಿ ಚುರುಕಾಗಿರುತ್ತದೆ, ಬೆಚ್ಚಗಿನ ಊರಿನಲ್ಲಿ ಬೆಳೆದು ಪೀಪಾಯಿಗೆ ಹಾಕಿದರೆ ಬೆಣ್ಣೆಯಂತೆ ದಪ್ಪ. ಸಾವಿನ್ಯೋ ಬ್ಲಾಂಕ್ ಅಂದರೆ ಹಸಿ ಹುಲ್ಲು, ಹಸಿ ಮೆಣಸಿನಕಾಯಿ, ನಿಂಬೆಯ ವಾಸನೆ. ಅದನ್ನು ಪೀಪಾಯಿಗೆ ಹಾಕುವವರು ಕಡಿಮೆ, ತಾಜಾ ಇರುವಾಗಲೇ ಕುಡಿಯುತ್ತಾರೆ. ವಿಯೋನಿಯೆ ಘಮಘಮ, ಆದರೆ ಹುಳಿ ಕಡಿಮೆ. ರೀಸ್ಲಿಂಗ್ ಜರ್ಮನಿಯ ಚಳಿಯ ಮಗು. ಇನ್ನು ಶೆನಿನ್ ಬ್ಲಾಂಕ್. ನಮ್ಮ ಕಥೆಗೆ ಇದೇ ಮುಖ್ಯ, ಯಾಕೆಂದರೆ ಬಿಸಿಲಿನಲ್ಲೂ ಹುಳಿ ಬಿಟ್ಟುಕೊಡದ ಹಟಮಾರಿ ಇದು. ಫ್ರಾನ್ಸಿನ ಲ್ವಾರ್ ನದಿಯ ದಂಡೆಯ ವೂವ್ರೆ ಎಂಬ ಊರಿನಲ್ಲಿ ಇದೊಂದೇ ತಳಿಯಿಂದ ಡ್ರೈ, ಅರೆಸಿಹಿ, ಸಿಹಿ, ನೊರೆಯುಕ್ಕುವುದು, ಎಲ್ಲವನ್ನೂ ಮಾಡುತ್ತಾರೆ.

ಒಂದು ವಿಷಯ ಗಮನಿಸಿ. ಯುರೋಪಿನ ಹಳೆಯ ಪದ್ಧತಿಯಲ್ಲಿ ಬಾಟಲಿಯ ಮೇಲೆ ತಳಿಯ ಹೆಸರಿಗಿಂತ ಊರಿನ ಹೆಸರೇ ದೊಡ್ಡದು. ಶಾಬ್ಲಿ ಅಂದರೆ ಶಾರ್ಡನೆ, ಸಾನ್ಸೇರ್ ಅಂದರೆ ಸಾವಿನ್ಯೋ ಬ್ಲಾಂಕ್ (ಬಿಳಿಯದಾದರೆ), ಕಾಂಡ್ರಿಯೂ ಅಂದರೆ ವಿಯೋನಿಯೆ. ಊರೇ ಗುರುತು. ಇದನ್ನು ಫ್ರೆಂಚರು ಕಂಡುಹಿಡಿದರು ಅಂದುಕೊಂಡರೆ ತಪ್ಪು. ನಮ್ಮ ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣ ತೆಗೆದು ನೋಡಿ. ದ್ರಾಕ್ಷಿಯ ರಸದಿಂದ ಆದದ್ದಕ್ಕೆ ಅಲ್ಲಿ 'ಮಧು' ಎಂದು ಹೆಸರು. ಅದರ ಬಗೆಗಳನ್ನು ಹುಟ್ಟಿದ ಸೀಮೆಯಿಂದಲೇ ಹೇಳುತ್ತಾನೆ: ಕಾಪಿಶಾಯನ, ಹಾರಹೂರಕ ಎಂದು. ಕಾಪಿಶಿ ಅಂದರೆ ಇವತ್ತಿನ ಅಫ್ಘಾನಿಸ್ತಾನದ ಬೇಗ್ರಾಮದ ಸೀಮೆ. ಪಾಣಿನಿಗೂ ಆ ಊರು ಗೊತ್ತು.

ದಖ್ಖನಿಗೂ ವೈನ್ ಹೊಸದಲ್ಲ. ಒಂದನೇ ಶತಮಾನದ ಗ್ರೀಕ್ ವ್ಯಾಪಾರಿಯೊಬ್ಬ ಬರೆದ 'ಪೆರಿಪ್ಲಸ್' ಪುಸ್ತಕದಲ್ಲಿ, ಭರೂಚ್ ಬಂದರಿಗೆ ಇಳಿಯುವ ಸರಕಿನಲ್ಲಿ ವೈನ್ ಇದೆ. ಮೊದಲ ಸ್ಥಾನ ಇಟಲಿಯದು, ನಂತರ ಲಾವೊಡಿಕೆಯದು ಮತ್ತು ಅರೇಬಿಯಾದ್ದು. ಅದೇ ಬಂದರಿಗೆ ಒಳನಾಡಿನಿಂದ ಸರಕು ಕಳಿಸುತ್ತಿದ್ದ ಊರು ಅಂತ ಅವನು ಹೇಳುವ 'ತಗರ' ಇವತ್ತಿನ ತೇರ್. ನಮ್ಮ ಆಳಂದದ ಆಚೆ ಗಡಿ ದಾಟಿದರೆ ಸಿಗುವ ಧಾರಾಶಿವ ಜಿಲ್ಲೆಯ ಊರು ಅದು. ಅಂದರೆ ನಮ್ಮ ನೆರೆಯ ಪೇಟೆ ಎರಡು ಸಾವಿರ ವರ್ಷದ ಹಿಂದೆಯೇ ಇಟಲಿಯ ವೈನು ಇಳಿಯುವ ಬಂದರಿನ ಜೊತೆ ವ್ಯವಹಾರ ಇಟ್ಟುಕೊಂಡಿತ್ತು.

* * *

ಈಗ ಕಲಬುರಗಿಗೆ ಬರೋಣ. ನನ್ನ ಪ್ರಕಾರ ನಮ್ಮ ನೆಲದಲ್ಲಿ ದ್ರಾಕ್ಷಿಯ ಹಣೆಬರಹ ಬರೆದದ್ದು ಬರೀ ಹವಾಮಾನ ಅಲ್ಲ, ಕಾನೂನು. ಒಂದಲ್ಲ, ಒಂದರ ಮೇಲೊಂದು ಬಂದ ಮೂರು ಕಾನೂನುಗಳು.

ಮೊದಲನೆಯದು ಮಿತಾಕ್ಷರ. ಹನ್ನೊಂದನೇ ಶತಮಾನದ ಕೊನೆಯಿಂದ ಹನ್ನೆರಡನೇ ಶತಮಾನದ ಆರಂಭದ ಅವಧಿಯಲ್ಲಿ, ಕಲ್ಯಾಣದಲ್ಲಿ ಆರನೇ ವಿಕ್ರಮಾದಿತ್ಯ (ಆಳ್ವಿಕೆ 1076-1126) ಆಳುತ್ತಿದ್ದಾಗ ವಿಜ್ಞಾನೇಶ್ವರ ಬರೆದ ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನ. ಕಲಬುರಗಿ ಹತ್ತಿರದ ಮರತೂರು ವಿಜ್ಞಾನೇಶ್ವರರ ಊರು ಅಂತ ನಮ್ಮ ಭಾಗದವರು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಮಿತಾಕ್ಷರ ಅಂದ ತಕ್ಷಣ ಎಲ್ಲರಿಗೂ ನೆನಪಾಗುವುದು ಆಸ್ತಿ ಪಾಲಿನ ವಿಷಯ. ಆದರೆ ಅದರ ಪ್ರಾಯಶ್ಚಿತ್ತ ಭಾಗದಲ್ಲಿ ಕುಡಿತದ ಬಗ್ಗೆ ಬಹಳ ಸೂಕ್ಷ್ಮವಾದ ಚರ್ಚೆ ಇದೆ. ಅಲ್ಲಿ ಪುಲಸ್ತ್ಯನ ಮಾತನ್ನು ಉದ್ಧರಿಸಿ ಹನ್ನೊಂದು ಬಗೆಯ ಮದ್ಯ ಲೆಕ್ಕ ಹಾಕುತ್ತಾರೆ. ಹಲಸಿನದು, ದ್ರಾಕ್ಷಿಯದು, ಇಪ್ಪೆಯದು, ಖರ್ಜೂರದ್ದು, ತಾಳೆಯದು, ಕಬ್ಬಿನದು, ತೆಂಗಿನದು ಹೀಗೆ. ಹನ್ನೆರಡನೆಯದು ಹಿಟ್ಟಿನಿಂದ ಮಾಡಿದ ಸುರೆ. ಅದು ಎಲ್ಲಕ್ಕಿಂತ ಅಧಮ.

ಈ ವಿಂಗಡಣೆ ಸುಮ್ಮನೆ ಮಾಡಿದ್ದಲ್ಲ, ಅದರಿಂದ ಶಿಕ್ಷೆಯೇ ಬದಲಾಗುತ್ತದೆ. ಧಾನ್ಯದ ಹಿಟ್ಟಿನ ಸುರೆ ಮೇಲಿನ ಮೂರೂ ವರ್ಣದವರಿಗೆ ಮಹಾಪಾತಕ. ದ್ರಾಕ್ಷಿಯ ಮದ್ಯವಾದರೋ ಬ್ರಾಹ್ಮಣನಿಗೆ ಮಾತ್ರ ನಿಷಿದ್ಧ, ಕ್ಷತ್ರಿಯ ವೈಶ್ಯರಿಗೆ ದೋಷವಿಲ್ಲ. ವರ್ಣ ನೋಡಿ ನ್ಯಾಯ ಹೇಳುವ ಈ ಪದ್ಧತಿ ಇವತ್ತು ನಾವು ಒಪ್ಪುವಂಥದ್ದಲ್ಲ, ಅದು ಬೇರೆ ಮಾತು. ಇಲ್ಲಿ ನೋಡಬೇಕಾದದ್ದು ಒಂದೇ: ಕಲ್ಯಾಣದ ಕಾನೂನಿನಲ್ಲಿ ಧಾನ್ಯದ ಸೆರೆ ದೊಡ್ಡ ಪಾಪ, ದ್ರಾಕ್ಷಿಯದು ಚಿಕ್ಕದು. ವಿಕ್ರಮಾದಿತ್ಯನ ಮಗ ಮೂರನೇ ಸೋಮೇಶ್ವರ ಬರೆದ 'ಮಾನಸೋಲ್ಲಾಸ'ದಲ್ಲಿ ಅರಸನ ವಿನೋದಗಳ ಸಾಲಿನಲ್ಲಿ ಮದಿರಾಪಾನ ಕ್ರೀಡೆಗೂ ಒಂದು ಅಧ್ಯಾಯ ಇದೆ ಅಂದರೆ ಆಶ್ಚರ್ಯವೇನು?

ಎರಡನೇ ಕಾನೂನು ಬಂದದ್ದು ದಿಲ್ಲಿಯಿಂದ. 1327ರ ಸುಮಾರಿಗೆ ಮಹಮ್ಮದ್ ಬಿನ್ ತುಘಲಕ್ ರಾಜಧಾನಿಯನ್ನು ದೌಲತಾಬಾದಿಗೆ ತಂದ. 1340ರ ದಶಕದಲ್ಲಿ ಅಲ್ಲಿಗೆ ಬಂದ ಇಬ್ನ್ ಬತೂತ ಆ ಊರಿನ ದ್ರಾಕ್ಷಿ ಮತ್ತು ದಾಳಿಂಬೆಯ ಬಗ್ಗೆ ಬರೆಯುತ್ತಾ, ಅವು ವರ್ಷಕ್ಕೆ ಎರಡು ಸಲ ಫಸಲು ಕೊಡುತ್ತವೆ ಅಂದಿದ್ದಾನೆ. ಈ ಎರಡು ಫಸಲಿನ ಮಾತು ಬಹಳ ಮುಖ್ಯ. ತಣ್ಣಗಿನ ದೇಶದಲ್ಲಿ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಇವತ್ತಿಗೂ ನಮ್ಮ ರೈತರು ಏಪ್ರಿಲ್ ಸುಮಾರಿಗೆ ಒಂದು ಚಾಟನಿ, ಅಕ್ಟೋಬರ್ ಸುಮಾರಿಗೆ ಇನ್ನೊಂದು ಚಾಟನಿ ಮಾಡಿ, ಎರಡನೆಯದರ ಫಸಲನ್ನು ಮಾತ್ರ ಬೇಸಿಗೆಯ ಮೊದಲಿಗೆ ಕೊಯ್ಯುತ್ತಾರೆ. ಯುರೋಪಿನವರು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಕೊಯ್ದರೆ ನಾವು ಜನವರಿಯಿಂದ ಮಾರ್ಚ್‌ವರೆಗೆ.

ಅದೇ ದೌಲತಾಬಾದಿನಲ್ಲಿ 1347ರಲ್ಲಿ ದಂಗೆ ಎದ್ದು ಬಹಮನಿ ರಾಜ್ಯ ಹುಟ್ಟಿತು. ರಾಜಧಾನಿ ಕಲಬುರಗಿಗೆ ಬಂತು. ಅವರ ಜೊತೆಗೆ ಬಂದದ್ದು ಹನಫಿ ನ್ಯಾಯಪರಂಪರೆ. ಈ ಪರಂಪರೆಯ ಪ್ರಸಿದ್ಧ ಗ್ರಂಥ 'ಹಿದಾಯಾ'. ಇದೂ ಹನ್ನೆರಡನೇ ಶತಮಾನದ್ದೇ, ಅಂದರೆ ಹೆಚ್ಚುಕಡಿಮೆ ಮಿತಾಕ್ಷರದ ಓರಗೆಯದು. ಅದರಲ್ಲಿ ಏನಿದೆ ಗೊತ್ತೆ? ಕುರಾನಿನಲ್ಲಿ ನಿಷೇಧಿಸಿದ 'ಖಮ್ರ್' ಅಂದರೆ, ಆ ಪದದ ನಿಜ ಅರ್ಥದಲ್ಲಿ, ಕುದಿಸದ ದ್ರಾಕ್ಷಿರಸ ಹುಳಿತು ಅಮಲಾದದ್ದು. ಅದರ ಒಂದು ಹನಿಯೂ ಅಪರಾಧ. ಗೋಧಿ, ಬಾರ್ಲಿ, ಜೇನಿನಿಂದ ಮಾಡಿದ ಪಾನೀಯಗಳ ವಿಷಯದಲ್ಲಿ ಮಾತ್ರ ಇಮಾಮ್ ಅಬೂ ಹನೀಫಾ ಮತ್ತು ಅವರ ಶಿಷ್ಯ ಅಬೂ ಯೂಸುಫ್ ಅಷ್ಟು ಕಠಿಣವಾಗಿರಲಿಲ್ಲ. ಇನ್ನೊಬ್ಬ ಶಿಷ್ಯ ಇಮಾಮ್ ಮುಹಮ್ಮದ್ ಅಮಲೇರಿಸುವುದೆಲ್ಲ ನಿಷಿದ್ಧವೇ ಅಂದರು. ನಂತರದ ವಿದ್ವಾಂಸರು ಈ ಮಾತನ್ನೇ ಹಿಡಿದರು.

ಎಷ್ಟು ವಿಚಿತ್ರ ನೋಡಿ. ಒಂದೇ ನೆಲ. ಮಿತಾಕ್ಷರದಲ್ಲಿ ಧಾನ್ಯದ್ದು ದೊಡ್ಡ ಪಾಪ, ದ್ರಾಕ್ಷಿಯದು ಚಿಕ್ಕದು. ಹಿದಾಯಾದಲ್ಲಿ ದ್ರಾಕ್ಷಿಯದು ಎಲ್ಲಕ್ಕಿಂತ ದೊಡ್ಡದು, ಧಾನ್ಯದ ಬಗ್ಗೆ ಪಂಡಿತರಲ್ಲೇ ಚರ್ಚೆ. ಎರಡೂ ಕಡೆಯವರು ದ್ರಾಕ್ಷಿಗೆ ಒಂದು ಪ್ರತ್ಯೇಕ ಜಾಗ ಕೊಟ್ಟರು, ಒಬ್ಬರು ಮೇಲಕ್ಕೆ, ಇನ್ನೊಬ್ಬರು ಕೆಳಕ್ಕೆ. ಮುಂದೆ ಬ್ರಿಟಿಷರು ತಮ್ಮ ಕೋರ್ಟುಗಳಿಗಾಗಿ ಹಿದಾಯಾವನ್ನು 1791ರಲ್ಲಿ, ಮಿತಾಕ್ಷರದ ದಾಯಭಾಗದ ಪ್ರಕರಣವನ್ನು 1810ರಲ್ಲಿ ಇಂಗ್ಲಿಷಿಗೆ ತಂದರು. ಕಲ್ಯಾಣದ ಪಂಡಿತ ಮತ್ತು ಮಧ್ಯ ಏಷ್ಯಾದ ಮರ್ಘಿನಾನಿ ಇಬ್ಬರೂ ಒಂದೇ ಕೋರ್ಟಿನ ಕಪಾಟಿನಲ್ಲಿ ಅಕ್ಕಪಕ್ಕ ಕುಳಿತರು.

ಹಾಗಾದರೆ ಕಲಬುರಗಿಯ ಸುಲ್ತಾನರು ಕುಡಿಯುತ್ತಿರಲಿಲ್ಲವೇ? ವಿಜಯಪುರದ ಆಸ್ಥಾನದಲ್ಲಿ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ ಇತಿಹಾಸ ಬರೆದ ಫರಿಶ್ತಾ ಒಂದು ಕಥೆ ಹೇಳುತ್ತಾನೆ. ಮೊದಲನೇ ಮಹಮ್ಮದ್ ಶಾ (ಆಳ್ವಿಕೆ 1358-1375) ಒಂದು ದಿನ ಕುಡಿಯುತ್ತಾ ಕುಳಿತಿದ್ದಾಗ ದಿಲ್ಲಿಯಿಂದ ಬಂದ ಗಾಯಕರು ಅಮೀರ್ ಖುಸ್ರೋನ ರಚನೆಗಳನ್ನು ಹಾಡಿದರಂತೆ. ಖುಷಿಯಾದ ಸುಲ್ತಾನ ಅವರಿಗೆ ಇನಾಮು ಕೊಡಿ ಅಂದ. ಎಲ್ಲಿಂದ? ವಿಜಯನಗರದ ರಾಯನ ಖಜಾನೆಯಿಂದ! ಮಂತ್ರಿ ಇದು ಅಮಲಿನ ಮಾತು ಅಂತ ಸುಮ್ಮನಾದ. ಅಮಲು ಇಳಿದ ಮೇಲೂ ಸುಲ್ತಾನ ಪಟ್ಟು ಬಿಡಲಿಲ್ಲ. ಚೀಟಿ ಹೋಯಿತು, ಬುಕ್ಕರಾಯ ಸಿಟ್ಟಾದ, ಸೈನ್ಯ ಮುದಗಲ್ಲಿಗೆ ಬಂತು. 1366ರ ಆ ಯುದ್ಧದಲ್ಲಿ ಸತ್ತವರ ಸಂಖ್ಯೆಯನ್ನು ಫರಿಶ್ತಾ ಉಬ್ಬಿಸಿಯೇ ಹೇಳುತ್ತಾನೆ. ಯುದ್ಧಕ್ಕೆ ರಾಯಚೂರು ದೋಆಬಿನ ಭೂಮಿ, ನಾಣ್ಯ ಇತ್ಯಾದಿ ಬೇರೆ ಕಾರಣಗಳಿದ್ದವು, ಚೀಟಿಯೊಂದೇ ಅಲ್ಲ. ಆದರೂ ಒಂದು ಬಟ್ಟಲು ಶರಾಬಿನ ಮೇಲೆ ಇಷ್ಟು ದೊಡ್ಡ ಹೊಣೆ ಹೊರಿಸಿದ ಕಥೆ ನಮ್ಮೂರಿನದು ಅನ್ನುವುದು ಸಣ್ಣ ಮಾತಲ್ಲ!

ಅದೇ ಮಹಮ್ಮದ್ ಶಾ ಕುಡಿಯುತ್ತಾನೆ ಎಂಬ ಕಾರಣಕ್ಕೆ ದೌಲತಾಬಾದಿನ ಸೂಫಿ ಶೇಖ್ ಜೈನುದ್ದೀನರು ಅವನನ್ನು ಒಪ್ಪಲಿಲ್ಲ. ಕೊನೆಗೆ ಸುಲ್ತಾನ ರಾಜ್ಯದಲ್ಲಿದ್ದ ಶರಾಬಿನ ಅಂಗಡಿಗಳನ್ನೆಲ್ಲ ಮುಚ್ಚಿಸಿದ ಅಂತಲೂ ಫರಿಶ್ತಾ ಬರೆಯುತ್ತಾನೆ. ನಮ್ಮ ಭಾಗದ ಮೊದಲ ಪಾನನಿಷೇಧ ಅನ್ನಬಹುದೇನೋ. ಮುಂದೆ ಫಿರೋಜ್ ಶಾ (ಆಳ್ವಿಕೆ 1397-1422) ಬಂದ. ಭಾಷೆಗಳು, ಖಗೋಳ, ಗಣಿತ ಎಲ್ಲದರಲ್ಲೂ ಆಸಕ್ತಿ ಇದ್ದ ಸುಲ್ತಾನ. ಅವನಲ್ಲಿ ಎರಡೇ ಕೊರತೆ, ಮದ್ಯ ಮತ್ತು ಸಂಗೀತ ಅಂತ ಅದೇ ಇತಿಹಾಸಕಾರ ಹೇಳುತ್ತಾನೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಫಾರ್ಸಿಯ 'ಶರಾಬ್' ಎಂಬ ಪದ ದ್ರಾಕ್ಷಿಯದಕ್ಕೂ ಸೈ, ಬೇರೆಯದಕ್ಕೂ ಸೈ. ಆದ್ದರಿಂದ ಕಲಬುರಗಿ ಕೋಟೆಯಲ್ಲಿ ಸ್ಥಳೀಯ ದ್ರಾಕ್ಷಿಯ ವೈನು ಹರಿಯುತ್ತಿತ್ತು ಅಂತ ನಾನು ಬರೆಯುವುದಿಲ್ಲ. ಅರಮನೆಯವರು ಕುಡಿದದ್ದು ಏನೇ ಇರಲಿ, ಊರ ಜನ ಕುಡಿದದ್ದು ಶಿಂದಿ ಮತ್ತು ಇಪ್ಪೆ ಹೂವಿನ ಸೆರೆ. ನಿಜಾಮರ ಕಾಲಕ್ಕೆ ಇದೇ ದೊಡ್ಡ ಆಬ್ಕಾರಿ ಆದಾಯವಾಯಿತು. ದ್ರಾಕ್ಷಿ ತಿನ್ನುವ ಹಣ್ಣಾಗಿಯೇ ಉಳಿಯಿತು. ಹೈದರಾಬಾದಿನ ಸುತ್ತಲಿನ ತೋಟಗಳಿಂದ ಹೆಸರಾದ ಬಿಳಿ ತಳಿಯ ಹೆಸರೇ ಕೇಳಿ, ಅನಾಬ್-ಎ-ಶಾಹಿ, ಅಂದರೆ ರಾಜದ್ರಾಕ್ಷಿ. ದೊಡ್ಡ ಕಾಯಿ, ಒಳಗೆ ಬೀಜ, ಇಳುವರಿ ಭರ್ಜರಿ. ತಿನ್ನಲು ಚೆಂದ, ಬಟ್ಟಲಿಗೆ ಅಲ್ಲ.

* * *

ಅನಾಬ್-ಎ-ಶಾಹಿಯನ್ನು ಹಿಂದೆ ಹಾಕಿದ್ದು ಥಾಮ್ಸನ್ ಸೀಡ್‌ಲೆಸ್. ಹೆಸರು ಅಮೆರಿಕದ್ದು, 1870ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಬೆಳೆದು ಹಂಚಿದ ವಿಲಿಯಂ ಥಾಮ್ಸನ್ ಎಂಬುವವರದು. ತಳಿ ಮಾತ್ರ ಹಳೆಯದು, ತುರ್ಕಿಯ ಕಡೆ ಸುಲ್ತಾನಾ, ಇರಾನಿನ ಕಡೆ ಕಿಶ್‌ಮಿಶ್. ಬೀಜವಿಲ್ಲದ ಬಿಳಿ ದ್ರಾಕ್ಷಿ. ನಮ್ಮ ರೈತರು ಇದರಲ್ಲೇ ಹೊಸ ರೂಪಗಳನ್ನು ಗುರುತಿಸಿದರು. ಸಾಂಗ್ಲಿ ಜಿಲ್ಲೆಯ ತಾಸಗಾಂವದಿಂದ ಬಂದದ್ದು ತಾಸ್-ಎ-ಗಣೇಶ್. ಸೊಲ್ಲಾಪುರದ ಹತ್ತಿರದ ನಾನಜ್‌ನಲ್ಲಿ ನಾನಾಸಾಹೇಬ ಕಾಳೆ ಅವರು ಗುರುತಿಸಿದ ಉದ್ದ ಕಾಯಿಯದು ಸೊನಾಕಾ. ಇವರು ಯಾರೂ ದೊಡ್ಡ ಸಂಶೋಧನಾಲಯದವರಲ್ಲ, ತೋಟದಲ್ಲಿ ಕಣ್ಣು ತೆರೆದು ನಡೆದಾಡಿದವರು.

ವಿಜಯಪುರದಲ್ಲಿ ಈ ದ್ರಾಕ್ಷಿ ಒಣದ್ರಾಕ್ಷಿಯಾಗುವುದನ್ನು ನೋಡಿದ್ದೀರಾ? ಗೊಂಚಲನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದುತ್ತಾರೆ. ಸಿಪ್ಪೆಯ ಮೇಲಿನ ಮೇಣ ಸಡಿಲವಾಗಿ ತೇವ ಬೇಗ ಹೋಗುತ್ತದೆ. ನೆರಳಿನ ಶೆಡ್ಡಿನಲ್ಲಿ ಜಾಲರಿಯ ಅಂತಸ್ತುಗಳ ಮೇಲೆ ಹರಡಿದರೆ ಎರಡು ಮೂರು ವಾರದಲ್ಲಿ ಹಸಿರು ಬಣ್ಣದ ಒಣದ್ರಾಕ್ಷಿ ತಯಾರು. ನಮ್ಮ ಮಾರ್ಚ್ ತಿಂಗಳ ಒಣ ಬಿಸಿಲು ಇದಕ್ಕೆ ಹೇಳಿ ಮಾಡಿಸಿದಂತೆ. ವೈನಿಗೆ ಶತ್ರುವಾದ ಅದೇ ಬಿಸಿಲು ಒಣದ್ರಾಕ್ಷಿಗೆ ಮಿತ್ರ.

ಆದರೆ ಇಲ್ಲೊಂದು ಮಜಾ ಇದೆ. ಕ್ಯಾಲಿಫೋರ್ನಿಯಾದಲ್ಲಿ ಇದೇ ಥಾಮ್ಸನ್ನನ್ನು 'ಮೂರು ದಾರಿಯ ದ್ರಾಕ್ಷಿ' ಅನ್ನುತ್ತಿದ್ದರು. ತಿನ್ನಲೂ ಆಯಿತು, ಒಣಗಿಸಲೂ ಆಯಿತು, ವೈನಿಗೂ ಆಯಿತು. ಎಷ್ಟೋ ದಶಕಗಳ ಕಾಲ ಅಲ್ಲಿನ ಅಗ್ಗದ ಬಿಳಿ ವೈನಿಗೆ ಇದೇ ಹೋಗುತ್ತಿತ್ತು. ಆಸ್ಟ್ರೇಲಿಯಾದಲ್ಲೂ ಹಾಗೆಯೇ. ಅಂದರೆ ಥಾಮ್ಸನ್‌ನಿಂದ ವೈನ್ ಆಗುವುದೇ ಇಲ್ಲ ಅನ್ನುವುದು ಸುಳ್ಳು. ಆಗುತ್ತದೆ, ಆದರೆ ಸಪ್ಪೆ. ಅದಕ್ಕೆ ತನ್ನದೇ ವಾಸನೆ ಇಲ್ಲ, ಹುಳಿ ಕಡಿಮೆ. ಮೇಲಾಗಿ ನಾವು ಗಾತ್ರಕ್ಕೋಸ್ಕರ ಜಿಬ್ಬರೆಲಿಕ್ ಆಮ್ಲದಲ್ಲಿ ಅದ್ದಿ ಕಾಯಿ ಉಬ್ಬಿಸುತ್ತೇವೆ. ವೈನಿಗೆ ಬೇಕಾದದ್ದು ಅದಕ್ಕೆ ಪೂರ್ತಿ ವಿರುದ್ಧ, ಚಿಕ್ಕ ಕಾಯಿ, ಕಡಿಮೆ ಇಳುವರಿ, ತುಂಬಿದ ರಸ.

ಇನ್ನೊಂದು ಮಾತು. ನಮ್ಮ ಮನೆಗಳಲ್ಲಿ ದ್ರಾಕ್ಷಿಯ ಮದ್ಯ ಇರಲೇ ಇಲ್ಲ ಅನ್ನುವವರು ಅಜ್ಜಿಯ ಔಷಧಿ ಡಬ್ಬಿ ತೆಗೆದು ನೋಡಬೇಕು. ದ್ರಾಕ್ಷಾರಿಷ್ಟ! ಒಣದ್ರಾಕ್ಷಿಯ ಕಷಾಯಕ್ಕೆ ಬೆಲ್ಲ ಸೇರಿಸಿ, ಧಾತಕಿ ಹೂವು ಹಾಕಿ ಹುಳಿಸಿದ ಔಷಧಿ. ಅದರ ಲೇಬಲ್ಲಿನ ಮೇಲೇ 'ತಾನಾಗಿ ಉತ್ಪತ್ತಿಯಾದ ಮದ್ಯಸಾರ' ಇದೆ ಅಂತ ಬರೆದಿರುತ್ತದೆ. ಕೆಮ್ಮಿಗೆ, ನಿಶ್ಶಕ್ತಿಗೆ ಎರಡು ಚಮಚ. ಮಡಿವಂತರೂ ಕುಡಿದದ್ದೇ. ನಮ್ಮ ಕ್ರೈಸ್ತ ಬಾಂಧವರ ಕನ್ನಡ ಬೈಬಲ್ಲಿನಲ್ಲಿ 'ದ್ರಾಕ್ಷಾರಸ' ಅಂತ ಎಂದಿನಿಂದಲೂ ಇದೆ. ಭಾಷೆಯಲ್ಲಿ ಜಾಗ ಇದೆ, ಔಷಧಿಯಲ್ಲಿ ಜಾಗ ಇದೆ, ಅಂಗಡಿಯಲ್ಲಿ ಮಾತ್ರ ಇಲ್ಲ.

* * *

ಮೂರನೇ ಕಾನೂನು ನಮ್ಮ ಕಣ್ಣೆದುರಿಗೇ ಬಂತು. ಅದಕ್ಕೆ ಮೊದಲು ಎರಡು ಘಟನೆ ಹೇಳಬೇಕು. ಕನ್ವಲ್ ಗ್ರೋವರ್ ಎಂಬುವವರು ಶಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಎಂಬ ತಜ್ಞರ ಜೊತೆ ಸೇರಿ, ಫ್ರೆಂಚ್ ತಳಿಗಳನ್ನು ನೆಟ್ಟು ಪರೀಕ್ಷಿಸಿ, 1988ರಲ್ಲಿ ನಂದಿ ಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಕಡೆ, ಕಂಪನಿ ಮಾಡಿದರು. 1992ರಲ್ಲಿ ಅಲ್ಲಿಂದ ಮೊದಲ ವೈನ್ ಬಂತು. ಬಿಳಿಯಲ್ಲಿ ಕ್ಲೆರೆಟ್, ಮುಂದೆ ವಿಯೋನಿಯೆ, ಸಾವಿನ್ಯೋ ಬ್ಲಾಂಕ್. ಆ ಸೀಮೆಯ ಎತ್ತರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್, ರಾತ್ರಿ ತಂಪು. ನಂತರ ನಾಸಿಕದಲ್ಲಿ ರಾಜೀವ್ ಸಾಮಂತ್ 1997ರಲ್ಲಿ ಸಾವಿನ್ಯೋ ಬ್ಲಾಂಕ್ ಮತ್ತು ಶೆನಿನ್ ಬ್ಲಾಂಕ್ ನೆಟ್ಟು 2000ದಲ್ಲಿ ಸುಲಾ ವೈನನ್ನು ಪೇಟೆಗೆ ತಂದರು. ಅಲ್ಲಿ ಶೆನಿನ್ ಬ್ಲಾಂಕ್ ಗೆದ್ದಿತು. ತುಸು ಸಿಹಿ ಉಳಿಸಿದ ಅದರ ವೈನ್ ನಮ್ಮ ಜನರ ನಾಲಿಗೆಗೂ ಖಾರದ ಊಟಕ್ಕೂ ಹೊಂದಿತು. ತಡವಾಗಿ ಕೊಯ್ದ ಶೆನಿನ್‌ನಿಂದ ಸಿಹಿ ವೈನೂ ಆಯಿತು.

ಇದನ್ನೆಲ್ಲ ನೋಡಿ ಕರ್ನಾಟಕ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ಅದಕ್ಕೊಂದು ಮಂಡಳಿಯೂ ಆಯಿತು. ನಂದಿ ಕಣಿವೆ, ಕಾವೇರಿ ಕಣಿವೆ, ಕೃಷ್ಣಾ ಕಣಿವೆ ಅಂತ ಸೀಮೆಗಳನ್ನು ಹೆಸರಿಸಿದರು. ಅದೇ 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧ ಆಯಿತು! ಒಂದೇ ವರ್ಷದಲ್ಲಿ ಸಾರಾಯಿಗೆ ಬಾಗಿಲು ಮುಚ್ಚಿ ದ್ರಾಕ್ಷಿಗೆ ಬಾಗಿಲು ತೆರೆದರು. ಮಿತಾಕ್ಷರದ ಹಳೆಯ ತಕ್ಕಡಿ ನೆನಪಾಗುತ್ತದೆ ಅಲ್ಲವೇ? ದ್ರಾಕ್ಷಿಯದು ಚಿಕ್ಕ ಪಾಪ, ಉಳಿದದ್ದು ದೊಡ್ಡದು. ವರ್ಣದ ಜಾಗದಲ್ಲಿ ಈಗ ಜೇಬು ಬಂದಿದೆ, ಅಷ್ಟೇ. ಸಾರಾಯಿ ಕುಡಿಯುತ್ತಿದ್ದ ಕೂಲಿಯವನಿಗೆ ವೈನ್ ಬರಲಿಲ್ಲ, ಅವನಿಗೆ ಅಗ್ಗದ ವಿಸ್ಕಿ ಪೊಟ್ಟಣ ಬಂತು. 'ವೈನ್ಸ್' ಬೋರ್ಡಿನ ಅಂಗಡಿಯಲ್ಲಿ.

ರೈತನ ಕಥೆ ಏನು? ಇಲ್ಲಿಯೇ ನಿಜವಾದ ಕಷ್ಟ ಇರುವುದು. ನನ್ನ ದೊಡ್ಡಪ್ಪನ ಮಗ ತೊಗರಿ ಬೆಳೆಯುವವನು. ತೊಗರಿಯ ಧಾರಣೆ ಬಿದ್ದ ವರ್ಷಗಳಲ್ಲಿ ಅವನು ಕೇಳುವ ಪ್ರಶ್ನೆ ಒಂದೇ, "ತಮ್ಮಾ, ನಾಕು ಎಕರೆ ವೈನ್ ದ್ರಾಕ್ಷಿ ಹಚ್ಚಲೇನು?" ಇದು ತಮಾಷೆಯ ಪ್ರಶ್ನೆಯಲ್ಲ. ಬಳ್ಳಿ ಫಲ ಕೊಡಲು ಎರಡು ಮೂರು ವರ್ಷ ಬೇಕು. ಕಂಬ, ತಂತಿ, ಹನಿ ನೀರಾವರಿ ಎಲ್ಲಕ್ಕೂ ಸಾಲ. ಥಾಮ್ಸನ್ ಹಾಕಿದವನಿಗೆ ಮೂರು ಬಾಗಿಲು ಇವೆ. ಹಸಿ ಹಣ್ಣಿಗೆ ದರ ಸಿಗದಿದ್ದರೆ ಒಣಗಿಸುತ್ತಾನೆ, ಒಣಗಿಸಿ ಕೋಲ್ಡ್ ಸ್ಟೋರೇಜಿನಲ್ಲಿಟ್ಟು ದರ ಬಂದಾಗ ತಾಸಗಾಂವಕ್ಕೋ ವಿಜಯಪುರಕ್ಕೋ ಒಯ್ಯುತ್ತಾನೆ. ಶೆನಿನ್ ಬ್ಲಾಂಕ್ ಹಾಕಿದವನಿಗೆ ಒಂದೇ ಬಾಗಿಲು, ವೈನರಿಯದು. ಕಾಯಿ ಚಿಕ್ಕದು, ಬೀಜ ಇದೆ. ಸಂತೆಯಲ್ಲಿ ಯಾರೂ ಕೊಳ್ಳುವುದಿಲ್ಲ, ಒಣಗಿಸಲೂ ಬರುವುದಿಲ್ಲ. ಕೊಯ್ಲು ನಾಲ್ಕು ದಿನ ತಡವಾದರೆ ಹುಳಿ ಇಳಿದು ವೈನರಿಗೂ ಬೇಡ.

ಆ ಒಂದೇ ಬಾಗಿಲು ಮುಚ್ಚಿದರೆ? ಮಹಾರಾಷ್ಟ್ರದಲ್ಲಿ ಆಗಿದೆ. 2008ರ ನಂತರದ ಆರ್ಥಿಕ ಹಿಂಜರಿತದಲ್ಲಿ ವೈನ್ ಮಾರಾಟ ಬಿತ್ತು. ನಾರಾಯಣಗಾಂವದ ಶಾತೊ ಇಂಡಾಜ್, ದೇಶಕ್ಕೇ ಮೊದಲು ಶಾಂಪೇನ್ ಪದ್ಧತಿಯ ವೈನ್ ಮಾಡಿ ಹೆಸರಾಗಿದ್ದ ಕಂಪನಿ, 2010ರ ಹೊತ್ತಿಗೆ ಸಾಲದಲ್ಲಿ ಮುಳುಗಿತು. ಕೊಳ್ಳುವವರಿಲ್ಲದೆ ಎಷ್ಟೋ ರೈತರು ವೈನ್ ದ್ರಾಕ್ಷಿಯನ್ನು ಬುಡಸಮೇತ ಕಿತ್ತು ಮತ್ತೆ ತಿನ್ನುವ ದ್ರಾಕ್ಷಿ ಹಾಕಿದರು. ಈ ಪಾಠ ನಮ್ಮವರಿಗೆ ಯಾರಾದರೂ ಹೇಳಬೇಕು.

ಇನ್ನು ಭೂಮಿಯ ಲೆಕ್ಕ. ಕಲಬುರಗಿ ಸುಮಾರು 450 ಮೀಟರ್ ಎತ್ತರದಲ್ಲಿದೆ, ಮೇ ತಿಂಗಳಲ್ಲಿ 42 ಡಿಗ್ರಿ ದಾಟುತ್ತದೆ. ಬಹುಪಾಲು ಎರೆ ಭೂಮಿ, ನೀರು ನಿಂತರೆ ಬಳ್ಳಿಯ ಬೇರಿಗೆ ಆಗದು. ಕಮಲಾಪುರದ ಸುತ್ತ ಮಾತ್ರ ಕೆಮ್ಮಣ್ಣು, ನೀರು ಬಸಿದುಹೋಗುತ್ತದೆ. ಮೇ ತಿಂಗಳ ಬಿಸಿಲು ಬರುವ ಮುಂಚೆಯೇ ಕೊಯ್ಲು ಮುಗಿಯುವುದರಿಂದ ಅದೊಂದೇ ಅಡ್ಡಿಯಲ್ಲ. ಫೆಬ್ರವರಿಯ ರಾತ್ರಿ ಎಷ್ಟು ತಂಪು, ಹುಳಿ ಎಷ್ಟು ಉಳಿಯುತ್ತದೆ ಎಂಬುದೇ ಪ್ರಶ್ನೆ. ಕೊಪ್ಪಳದ ಬಿಸಿಲಿನ ಸೀಮೆಯಲ್ಲಿ ಕೃಷ್ಮಾ ಎಂಬ ತೋಟದವರು 'ಹಂಪಿ ಹಿಲ್ಸ್' ಹೆಸರಿನಲ್ಲಿ ಕೆಂಪಿನ ಜೊತೆ ಸಾವಿನ್ಯೋ ಬ್ಲಾಂಕ್, ಶಾರ್ಡನೆಯನ್ನೂ ಬೆಳೆದು ತೋರಿಸಿದ್ದಾರೆ. ಅಂದಮೇಲೆ ನಮ್ಮ ಭಾಗದಲ್ಲಿ ಅಸಾಧ್ಯ ಅನ್ನುವಂತಿಲ್ಲ. ಆದರೆ ಅವರು ತಮ್ಮ ದ್ರಾಕ್ಷಿಯನ್ನು ತಾವೇ ವೈನ್ ಮಾಡುವವರು. ನಾಕು ಎಕರೆಯವನ ಲೆಕ್ಕ ಬೇರೆ.

* * *

ಈಗ ನಮ್ಮ ಕೆಂಪು ಬಾಳೆಯ ವಿಷಯ. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಗುರುತು (ಜಿಐ) ಸಿಕ್ಕಿದೆ. ಊರಿನ ಹೆಸರೇ ಹಣ್ಣಿನ ಹೆಸರು, ಕಾಪಿಶಾಯನದ ಹಾಗೆ, ಶಾಬ್ಲಿಯ ಹಾಗೆ. ಆದರೆ ಈ ಬಾಳೆ ಬೇರೆ ಬಾಳೆಗಿಂತ ಹೆಚ್ಚು ತಿಂಗಳು ತೆಗೆದುಕೊಳ್ಳುತ್ತದೆ, ಗೊಬ್ಬರ ಹೆಚ್ಚು ಕೇಳುತ್ತದೆ. ಹಾಗಾಗಿ ಹೆಸರು ಬಂದರೂ ಬೆಳೆಯುವವರ ಸಾಲು ಉದ್ದವಾಗಿಲ್ಲ. ಬೆಂಗಳೂರು ನೀಲಿ ದ್ರಾಕ್ಷಿಗೂ ಜಿಐ ಇದೆ, ನಾಸಿಕ ಕಣಿವೆಯ ವೈನಿಗೂ ಇದೆ. ಹೆಸರು ಬೇಕು ನಿಜ, ಆದರೆ ಹೆಸರಿನ ಹಿಂದೆ ಕೊಳ್ಳುವವನು ನಿಂತಿರದಿದ್ದರೆ ಅದು ಗೋಡೆಯ ಮೇಲಿನ ಪ್ರಮಾಣಪತ್ರ ಅಷ್ಟೇ.

ಫ್ರಾನ್ಸಿನ ವೂವ್ರೆಯಾಗಲಿ, ನಮ್ಮ ವಿಜಯಪುರವಾಗಲಿ, ಯಾವ ಸೀಮೆಯೂ ಬರೀ ಮಣ್ಣಿನಿಂದ ಹೆಸರಾಗಿಲ್ಲ. ಯಾವ ತಳಿ, ಯಾವಾಗ ಕೊಯ್ಲು, ಯಾರು ಕೊಳ್ಳುತ್ತಾರೆ, ಯಾವುದಕ್ಕೆ ತೆರಿಗೆ, ಯಾವುದು ಪಾಪ, ಇದೆಲ್ಲ ಸೇರಿ ಆಗುತ್ತದೆ. ನಮ್ಮಲ್ಲಿ ಈ ಪಟ್ಟಿಯ ಕೊನೆಯ ಎರಡನ್ನು ಒಂಬೈನೂರು ವರ್ಷಗಳಿಂದ ಬೇರೆ ಬೇರೆ ಗ್ರಂಥಗಳು, ಬೇರೆ ಬೇರೆ ಸರ್ಕಾರಗಳು ತೀರ್ಮಾನಿಸುತ್ತಾ ಬಂದಿವೆ. ರೈತನನ್ನು ಮಾತ್ರ ಒಂದು ಸಲವೂ ಕೇಳಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ವೈನ್ ಫರಂಗಿಯದು ಅನ್ನುವ ಮಾತು ಬಿಡೋಣ, ಅದಕ್ಕೆ ಇತಿಹಾಸದ ಆಧಾರ ಇಲ್ಲ. ವೈನ್ ಹಾಕಿದರೆ ಬಂಗಾರ ಅನ್ನುವ ಮಾತನ್ನೂ ಬಿಡೋಣ, ಅದಕ್ಕೆ ಲೆಕ್ಕದ ಆಧಾರ ಇಲ್ಲ. ಕೊಳ್ಳುವವನು ಕಾಗದದ ಮೇಲೆ ದರ ಮತ್ತು ವರ್ಷಗಳನ್ನು ಬರೆದುಕೊಟ್ಟು, ಸರ್ಕಾರ ಅದಕ್ಕೆ ಜಾಮೀನು ನಿಂತರೆ ಆಮೇಲೆ ಶೆನಿನ್ ಬ್ಲಾಂಕ್ ಮಾತಾಡೋಣ. ಅಲ್ಲಿಯವರೆಗೆ ನಾಕು ಎಕರೆಯವನಿಗೆ ತೊಗರಿ, ನೀರಿದ್ದರೆ ಬಾಳೆ ಇಲ್ಲವೇ ಥಾಮ್ಸನ್, ಇವೇ ಕ್ಷೇಮ. ಕುಡಿಯುವವರು ಕುಡಿಯಲಿ, ಬಿಡುವವರು ಬಿಡಲಿ, ಬಳ್ಳಿ ನೆಟ್ಟವನು ಮುಳುಗಬಾರದು.

ನಿಮ್ಮ ಸೀಮೆಯಲ್ಲಿ ವೈನ್ ದ್ರಾಕ್ಷಿ ಬೆಳೆದವರು ಇದ್ದರೆ, ಬೆಳೆದು ಗೆದ್ದವರಾಗಲಿ ಕಿತ್ತು ಹಾಕಿದವರಾಗಲಿ, ಅವರ ಅನುಭವ ಕೇಳಿ ಬರೆಯಿರಿ. ದ್ರಾಕ್ಷಾರಿಷ್ಟವನ್ನು ಎರಡು ಚಮಚಕ್ಕಿಂತ ಹೆಚ್ಚು ಕುಡಿದ ಅಜ್ಜಂದಿರ ಕಥೆಗಳಿಗೂ ಸ್ವಾಗತ :)